ಒತ್ತೆ ಇಟ್ಟ ರುಮಾಲು

ಖಜೂರಿಯ ದೌಲತರಾಯರು ತಲೆಗೆ ಕೆಂಪು ರುಮಾಲಿಲ್ಲದೆ ಬೀದಿಗೆ ಕಾಲಿಡುವ ಮನುಷ್ಯರಲ್ಲ. ಫೋನು ಬಂದರೂ ಮೊದಲು ರುಮಾಲು ಸುತ್ತಿಕೊಂಡೇ ‘ಹಲೋ’ ಅನ್ನುತ್ತಾರೆ, ಅಷ್ಟೊತ್ತಿಗೆ ಆ ಕಡೆಯವರು ಫೋನು ಇಟ್ಟಿರುತ್ತಾರೆ. ಲಿವರ್ ಕೆಟ್ಟಿದೆ, ಇನ್ನು ಒಂದು ಗುಟುಕೂ ಕುಡಿಯಬಾರದು ಎಂದು ಕಲಬುರಗಿಯ ಡಾಕ್ಟರು ಹೇಳಿದಂದಿನಿಂದ ಈ ಮರ್ಯಾದೆಯನ್ನೇ ಅವರು ಔಷಧ ಮಾಡಿಕೊಂಡಿದ್ದಾರೆ. ದಿನಾ ಹೊತ್ತು ಮುಳುಗುವಾಗ ಬಾತ ಕಾಲು ಎಳೆಯುತ್ತಾ ದರ್ಜಿ ರಸೂಲನ ಅಂಗಡಿಗೆ ಬಂದು ರುಮಾಲು ಬಿಚ್ಚಿ ಕೊಡುತ್ತಾರೆ. “ಹಿಡಿ ರಸೂಲಾ, ವೈನ್‌ಶಾಪಿನ ಶಟರ್ ಇಳಿಯೋತನಕ ನಾ ಕಾಲ ಹಿಡದ್ರೂ ಕೊಡಬ್ಯಾಡ.” ರಸೂಲ ಅದನ್ನು ಗೂಟಕ್ಕೆ ಹಾಕುತ್ತಾನೆ. ಆಮೇಲೆ ಬರಿತಲೆಯ ದೌಲತರಾಯರು ಹೊಲಿಗೆ ಮಶೀನಿನ ಹಿಂದೆ ಅಡಗಿ ಕೂತು, ಗಿರಾಕಿ ಬಂದಾಗೆಲ್ಲ ಯಾರದೋ ಜಂಪರಿನ ಬಟ್ಟೆಯನ್ನು ತಲೆಗೆ ಹಾಕಿಕೊಳ್ಳುತ್ತಾರೆ. ಗಂಟಲು ಒಣಗಿದಾಗ ಗೂಟದ ಕಡೆ ನೋಡಿ, “ಇವತ್ತೊಂದಿನ ಕೊಡೋ” ಅನ್ನುತ್ತಾರೆ. “ಶಟರ್ ಇಳೀಲಿ, ಕೂಡ್ರಿ ಕಾಕಾ” ಅನ್ನುತ್ತಾನೆ ರಸೂಲ. ಊರು ಕಂಡದ್ದು ಇಷ್ಟು. ಊರು ಕಾಣದ್ದೆಂದರೆ, ದಿನಾ ಮನೆ ಬಿಡುವ ಮೊದಲು ಅವರು ಅಡುಗೆಮನೆಯ ಬಾಗಿಲಲ್ಲಿ ಆ ರುಮಾಲನ್ನು ಎರಡೂ ಕೈಯಲ್ಲಿ ಹಿಡಿದು ಹೆಂಡತಿಯ ಮುಂದೆ ನಿಲ್ಲುತ್ತಾರೆ. “ನೀ ಇಟ್ಕೋತಿ ಏನು, ಗುರಮ್ಮಾ?” ಎಂಟು ವರ್ಷದ ಹಿಂದೆ ಒಮ್ಮೆ, ಅವರು ಕುಡಿಯಲು ಹೋಗದಿರಲೆಂದು ಗುರಮ್ಮ ಅದನ್ನು ಇಟ್ಟುಕೊಂಡಿದ್ದಳು, ಜೀವಮಾನದಲ್ಲಿ ಅದೊಂದೇ ಸಲ ಅವರು ಬರಿತಲೆಯಲ್ಲಿ ಬೀದಿಗಿಳಿದು, ಕುಡಿದು ಬಂದಿದ್ದರು. ಈಗ ಅವಳು ತಲೆ ಎತ್ತದೆ ರೊಟ್ಟಿ ಬಡಿಯುತ್ತಾಳೆ. ಒಂದು ರೊಟ್ಟಿ ಬೆಂದು ಇನ್ನೊಂದು ಹಂಚಿಗೆ ಬೀಳುವ ತನಕ ಅವರು ಕಾಯುತ್ತಾರೆ. ಆಮೇಲೆ, ಹಿಟ್ಟಿನ ಗುರುತೊಂದೂ ಬೀಳದ ಆ ರುಮಾಲನ್ನು ಸುತ್ತಿಕೊಂಡು ರಸೂಲನ ಅಂಗಡಿಗೆ ಹೊರಡುತ್ತಾರೆ.