ಕಾದಂಬರಿಯ ಅತ್ತೆಗೆ ನಮ್ಮತ್ತೆಯ ದನಿ

ಜೇವರ್ಗಿಯ ನಮ್ಮ ಮನೆಯಲ್ಲಿ ಮಧ್ಯಾಹ್ನ ನೆರೆಮನೆಯವರೂ ಸೇರಿ ಹೆಂಗಸರೆಲ್ಲ ತೊಗರಿಬೇಳೆ ಹಸನು ಮಾಡುವಾಗ ನಾನು ಕಾದಂಬರಿ ಓದಿ ಹೇಳುತ್ತಿದ್ದೆ. ಕೇಳುವವರು ಮಾತುಮಾತಿಗೆ ‘ಹೂಂ’ ಅನ್ನಬೇಕು, ಇಲ್ಲದಿದ್ದರೆ ಓದು ಬಂದ್. ಅದು ನಮ್ಮಲ್ಲಿಯ ರಿವಾಜು. ಎಲ್ಲರಿಗಿಂತ ಜೋರಾಗಿ ಹೂಂಗುಟ್ಟುವವರು ನಮ್ಮತ್ತೆ.

ಒಂದು ದಿನ ಕಥೆಯಲ್ಲಿ ಸೊಸೆಯ ಜೀವ ತಿನ್ನುವ ಅತ್ತೆ ಬಂದಳು. ಅವತ್ತು ಬೆಳಿಗ್ಗೆಯಷ್ಟೇ ರೊಟ್ಟಿ ದಪ್ಪ ಆಯ್ತೆಂದು ನಾನು ನಮ್ಮತ್ತೆಯಿಂದ ಬೈಸಿಕೊಂಡಿದ್ದೆ. ಬಿಡುತ್ತೇನೆಯೇ? ಕಥೆಯ ಅತ್ತೆಯ ಮಾತನ್ನೆಲ್ಲ ನಮ್ಮತ್ತೆಯದೇ ರಾಗ, ಅದೇ ನಿಟ್ಟುಸಿರು, ಅದೇ ಮೂಗಿನ ದನಿಯಲ್ಲಿ ಓದಿದೆ. ನೆರೆಮನೆಯವರು ಸೆರಗು ಬಾಯಿಗೆ ತುರುಕಿಕೊಂಡರು. ಅತ್ತೆಯ ‘ಹೂಂ’ ನಿಂತುಹೋಯಿತು. ಸಿಕ್ಕಿಬಿದ್ದೆ ಅಂದುಕೊಂಡು ನಾನೂ ನಿಲ್ಲಿಸಿದೆ.

‘ಮೈಮರ್ತು ಕೇಳಾಕತ್ತೇನಿ, ಯಾಕ ನಿಲ್ಲಿಸ್ದಿ ಬೇ?’ ಅಂದರು ಅತ್ತೆ. ‘ಇಡೀ ಪುಸ್ತಕದಾಗ ಶಾಣ್ಯಾಕಿ ಅಂದ್ರ ಈ ಅತ್ತಿ ಒಬ್ಬಾಕೀನೇ!’