ಅಕ್ಕನ ಗದ್ದೆಯ ಜೊಳ್ಳು

ಭತ್ತದ ಸಂಶೋಧನಾ ಕೇಂದ್ರದಲ್ಲಿ ಎಲ್ಲರೂ ಅವನನ್ನು ಜೊಳ್ಳುರಾಯ ಎಂದೇ ಕರೆಯುತ್ತಿದ್ದರು. ತೆನೆ ಉದುರಿಸಿ, ಗಟ್ಟಿಕಾಳು ಒಂದು ತಟ್ಟೆಗೆ, ಜೊಳ್ಳು ಇನ್ನೊಂದಕ್ಕೆ ಹಾಕಿ ಎಣಿಸುವುದು ಹತ್ತೊಂಬತ್ತು ವರ್ಷಗಳಿಂದ ಅವನ ಕೆಲಸ. ಕೇಂದ್ರದಲ್ಲಿ ಗುಮಾಸ್ತನಿಗಿಂತ ಒಂದು ಮೆಟ್ಟಿಲು ಕೆಳಗೆ; ಊರಿಗೆ ಹೋದರೆ ಮಾತ್ರ ವಿಜ್ಞಾನಿಗಿಂತ ಒಂದು ಮೆಟ್ಟಿಲು ಮೇಲೆ.

ಆ ಗತ್ತಿನಲ್ಲೇ, ಇಳುವರಿ ಹೆಚ್ಚು ಬರುತ್ತದೆಂದು ಮಾತು ಕೊಟ್ಟು, ಅಕ್ಕನ ಗದ್ದೆಗೆ ಹೈಬ್ರಿಡ್ ಭತ್ತ ಹಾಕಿಸಿದ. ಗದ್ದೆ ಹೆದ್ದಾರಿಯ ಮಗ್ಗುಲಲ್ಲಿತ್ತು. ಪೈರು ಹುಲುಸಾಗಿ ಬಂತು, ಆದರೆ ಹೂ ಬಿಡುವ ಹೊತ್ತಿಗೆ ಎಲೆಗಳ ಮೇಲೆ ಕಂದು ಚುಕ್ಕೆ ಎದ್ದವು. ಒಕ್ಕಿ ತೂರಿದಾಗ ಮೂರರಲ್ಲೊಂದು ಪಾಲು ಜೊಳ್ಳು.

ಕಣದಲ್ಲಿ ನೆರೆಯವರೆಲ್ಲ ಸೇರಿದ್ದರು. ನೀರು ಗೊಬ್ಬರದಲ್ಲಿ ತಾನು ತಪ್ಪಿಲ್ಲ, ಕಣ್ಣುರಿಸುವ ಈ ಗಾಳಿಯಲ್ಲೇ ಏನೋ ಇದೆ, ಪಕ್ಕದ ಹಳೇ ತಳಿಗೆ ಇಷ್ಟು ಪೆಟ್ಟು ಬಿದ್ದಿಲ್ಲ ಎಂದಳು ಅಕ್ಕ. ಅವನಿಗೋ ತನ್ನ ಮಾತು ಹುಸಿಯಾದ ಸಿಟ್ಟು.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ಹೂವಿನ ಹೊತ್ತಲ್ಲಿ ನೀರು ಕಟ್ಟೋದು ಮರೆತಿರ್ತೀಯ" ಎಂದುಬಿಟ್ಟ.

ಎಲ್ಲರೂ ನಕ್ಕರು. ಅಕ್ಕ ಜೊಳ್ಳು ಗುಡಿಸತೊಡಗಿದಳು.

ಮುಂದಿನ ಹಂಗಾಮಿನಲ್ಲಿ ಕೇಂದ್ರದ ವಿಜ್ಞಾನಿ ಮೇಡಂ, ರಸ್ತೆಯಂಚಿನ ಪ್ರಯೋಗದ ತಾಕಿನಲ್ಲಿ ಪ್ಲಾಸ್ಟಿಕ್ ಗೋಡೆಯ, ಸೂರಿಲ್ಲದ ಎಂಟು ಗೂಡು ನಿಲ್ಲಿಸಿ ಒಳಗೆ ಅದೇ ಹೈಬ್ರಿಡ್ ಬೆಳೆಸಿದರು. ನಾಲ್ಕಕ್ಕೆ ಸೋಸಿದ ಗಾಳಿ, ನಾಲ್ಕಕ್ಕೆ ರಸ್ತೆಯ ಗಾಳಿ. ತೆನೆಗಳು ಅವನ ಮೇಜಿಗೆ ಬಂದವು. ಸೋಸಿದ ಗಾಳಿಯವುಗಳ ಜೊಳ್ಳು ತಟ್ಟೆಯ ತಳವನ್ನೂ ಮುಚ್ಚಲಿಲ್ಲ. ಉಳಿದವುಗಳದ್ದು ತುಂಬಿ ಚೆಲ್ಲಿತು. ಮೂರು ಸಲ ಎಣಿಸಿದ. ವಾಹನಗಳ ಹೊಗೆ ಬಿಸಿಲಿಗೆ ಸಿಕ್ಕಿ ಓಝೋನ್ ಎಂಬ ಅನಿಲ ಹುಟ್ಟುತ್ತದೆ, ಅದು ಎಲೆಯನ್ನು ಸುಡುತ್ತದೆ, ಕೆಲವು ಹೈಬ್ರಿಡ್‌ಗಳಿಗೆ ಅದರ ಏಟು ಜಾಸ್ತಿ ಎಂದು ಮೇಡಂ ವಿವರಿಸಿದರು. ಅವನ ಕಿವಿ ಬಿಸಿಯಾಯಿತು. ಹೊಲಿಗೆ ಹಾಕಿ ತನ್ನನ್ನು ಓದಿಸಿದ ಅಕ್ಕ ಕಣ್ಣಾರೆ ಕಂಡದ್ದನ್ನೇ ಹೇಳಿದ್ದಳು.

ಎರಡು ವಾರ ಮೀನಮೇಷ ಎಣಿಸಿ, ಭಾವ ಮನೆಯಲ್ಲಿರದ ಹೊತ್ತು ನೋಡಿಕೊಂಡು ಹೋದ. ಅಡುಗೆಮನೆಯ ಬಾಗಿಲಲ್ಲಿ ನಿಂತು ತಪ್ಪಾಯಿತೆಂದ. ಅಕ್ಕ ಪಾತ್ರೆ ಉಜ್ಜುವುದನ್ನು ನಿಲ್ಲಿಸಲಿಲ್ಲ.

"ಹಂಗಿಸಿದ್ದು ಹತ್ತು ಜನರ ಮುಂದೆ. ತಪ್ಪಾಯ್ತು ಅನ್ನೋದು ಇಲ್ಲೇನೋ?"

ನೀರಿನ ಸರದಿ ಗೊತ್ತುಮಾಡಲು ರೈತರೆಲ್ಲ ಸೇರಿದ ದಿನ ಅವನು ಎದ್ದು ನಿಂತ. ಅಕ್ಕನ ಮಾತೇ ನಿಜ, ಆ ಹೈಬ್ರಿಡ್ ಕೆಡಿಸಿದ್ದು ರಸ್ತೆಯ ಗಾಳಿ, ಅವಳನ್ನು ಹಂಗಿಸಿದ್ದು ತನ್ನದೇ ತಪ್ಪು ಎಂದ. ಹಾಗಾದರೆ ನಾವು ಯಾವ ಬೀಜ ಹಾಕೋಣ ಎಂದು ಒಬ್ಬರು ಕೇಳಿದರು. ಗೊತ್ತಿಲ್ಲ ಎಂದ. ಹಿಂದೆ ಯಾರೋ ಕಿಸಕ್ಕೆಂದರು. ಅಕ್ಕ ಅವನತ್ತ ನೋಡಲೂ ಇಲ್ಲ.

ಮರುವಾರ ಮೇಡಂ ಅವಳ ಗದ್ದೆಯ ಗಾಳಿ ಅಳೆಯಲು ಬಂದರು. ಯಾವ ಮಡಿಯಲ್ಲಿ ಚುಕ್ಕೆ ಮೊದಲು ಕಂಡವೆಂದು ತೋರಿಸುತ್ತ ಅಕ್ಕ ಬದುವಿನ ಮೇಲೆ ಮುಂದೆ ನಡೆದಳು. ಯಂತ್ರ ಹೊತ್ತು ಅವನು ಹಿಂದೆ ಹೋದ. ಕಾಲು ಜಾರಿದಾಗ ಅವಳು ತಿರುಗಿ, "ನೋಡ್ಕೊಂಡು ಬಾ" ಎಂದಳು. ಅಷ್ಟೇ ಅಂದದ್ದು.