ಓಡುವವನನ್ನು ಮೊದಲ ಸುತ್ತಿನಲ್ಲಿ ಆರಿಸಬಾರದು

ಅಮೆರಿಕದವರ ಫುಟ್‌ಬಾಲನ್ನು ನಾನು ಕಣ್ಣಾರೆ ನೋಡಿದ್ದು ಒಟ್ಟು ಎರಡು ಸಲ, ಅದೂ ವೀಡಿಯೊ ಕ್ಯಾಸೆಟ್ಟಿನಲ್ಲಿ. ಆದರೂ ತೊಂಬತ್ತರ ದಶಕದ ನಡುವಿನ ಒಂದು ವರ್ಷ, ಕತಾರಿನ ರಾಸ್ ಲಫಾನಿನಲ್ಲಿ ಆ ಆಟದ ಬಗ್ಗೆ ನನ್ನಷ್ಟು ಅಧಿಕಾರದಿಂದ ಮಾತಾಡುವ ಬಾಗಲಕೋಟೆಯವನು ಇನ್ನೊಬ್ಬ ಇರಲಿಲ್ಲ. ಇದ್ದಿದ್ದರೆ ಇಬ್ಬರಿಗೂ ಜಗಳವಾಗುತ್ತಿತ್ತು.

ಗ್ಯಾಸ್ ಪ್ಲಾಂಟ್ ಕಟ್ಟುತ್ತಿದ್ದ ಒಂದು ಗುತ್ತಿಗೆ ಕಂಪನಿಯ ಸೈಟ್ ಆಫೀಸಿನಲ್ಲಿ ನಾನು ಟೈಪಿಸ್ಟ್. ಹುದ್ದೆಗೆ ಇದಕ್ಕಿಂತ ಉದ್ದದ ಹೆಸರಿತ್ತು, ಕೆಲಸ ಮಾತ್ರ ಟೈಪ್ ಮಾಡುವುದೇ. ಆಫೀಸೆಂದರೆ ಮರಳಿನ ಮೇಲೆ ಸಾಲಾಗಿ ಇಟ್ಟ ಪೋರ್ಟಾಕ್ಯಾಬಿನ್ನುಗಳು. ಹೊರಗೆ ಬೆಂಕಿ ಸುರಿಯುವ ಆಗಸ್ಟಿನಲ್ಲಿ ನಾನು ಒಳಗೆ ಎ.ಸಿ.ಯ ಕೆಳಗೆ ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದೆ. ಅಲ್ಲಿದ್ದ ದೊಡ್ಡ ಹುದ್ದೆಯವರು ಎಂಟು ಜನ, ಎಲ್ಲರೂ ಅಮೆರಿಕದವರು. ಎರಡು ವರ್ಷ ನಾನು ಅವರ ಕಾಗದಗಳನ್ನು ಟೈಪ್ ಮಾಡಿದರೂ ಒಬ್ಬನಿಗೂ ನನ್ನ ಹೆಸರು ಗೊತ್ತಿರಲಿಲ್ಲ. 'ಮೈ ಫ್ರೆಂಡ್' ಎಂದು ಕರೆಯುತ್ತಿದ್ದರು. ಹೆಸರು ನೆನಪಿಡದೆ ಇರುವುದಕ್ಕೆ ಇಷ್ಟು ಪ್ರೀತಿಯ ಮಾತನ್ನು ಬೇರೆ ಯಾವ ದೇಶದವರೂ ಕಂಡುಹಿಡಿದಿಲ್ಲ.

ಈ ಎಂಟು ಜನ ವರ್ಷಕ್ಕೊಮ್ಮೆ ಒಂದು ಆಟ ಆಡುತ್ತಿದ್ದರು. ನಮ್ಮಲ್ಲಿ ಚಿಕ್ಕ ಮಕ್ಕಳು ಅಡುಗೆ ಆಟ ಆಡುವುದಿಲ್ಲವೆ, ಇವರದು ಮಾಲೀಕನ ಆಟ. ಒಬ್ಬೊಬ್ಬನೂ ತಾನೊಂದು ಫುಟ್‌ಬಾಲ್ ತಂಡದ ಮಾಲೀಕ ಎಂದು ತಿಳಿದುಕೊಳ್ಳುವುದು. ಆಗಸ್ಟ್ ಕೊನೆಯ ಗುರುವಾರ ಮಧ್ಯಾಹ್ನ ಮೀಟಿಂಗ್ ರೂಮಿನಲ್ಲಿ ಸೇರಿ, ಅಮೆರಿಕದಲ್ಲಿ ನಿಜವಾಗಿ ಆಡುವ ಆಟಗಾರರನ್ನು ಸರದಿಯ ಪ್ರಕಾರ ಸುತ್ತು ಸುತ್ತಾಗಿ ಆರಿಸಿಕೊಳ್ಳುವುದು. ಒಬ್ಬ ತೆಗೆದುಕೊಂಡವನು ಇನ್ನೊಬ್ಬನಿಗೆ ಇಲ್ಲ. ಆಮೇಲೆ ಅಲ್ಲಿ ಆ ಆಟಗಾರ ಎಷ್ಟು ಚೆನ್ನಾಗಿ ಆಡುತ್ತಾನೋ ಇಲ್ಲಿ ಅವನ 'ಮಾಲೀಕ'ನಿಗೆ ಅಷ್ಟು ಅಂಕ. ತಾವು ಯಾರ ಕೈಗೆ ಸಿಕ್ಕಿದ್ದೇವೆ ಎಂಬುದು ಆ ಆಟಗಾರರಿಗೆ ಗೊತ್ತೇ ಇರುತ್ತಿರಲಿಲ್ಲ. ಗೆದ್ದವನಿಗೆ ಬೆಳ್ಳಿ ಬಣ್ಣ ಬಳಿದ ಸೇಫ್ಟಿ ಹೆಲ್ಮೆಟ್. ಐವತ್ತು ದಾಟಿದ ಗಂಡಸರು ಅದಕ್ಕಾಗಿ ವಾರಗಟ್ಟಲೆ ಮಾತು ಬಿಟ್ಟದ್ದನ್ನು ನೋಡಿದ್ದೇನೆ.

ಪಟ್ಟಿ ಟೈಪ್ ಮಾಡುವವನು, ಹೆಡ್ ಆಫೀಸಿನಿಂದ ಫ್ಯಾಕ್ಸಿನಲ್ಲಿ ಬರುವ ಅಂಕಗಳನ್ನು ಕೂಡಿಸುವವನು ನಾನು. ಹೀಗಾಗಿ ಆಟ ನೋಡದಿದ್ದರೂ ಆಟಗಾರರ ಜಾತಕವೆಲ್ಲ ಬಾಯಿಗೆ ಬಂದಿತ್ತು. ಆ ವರ್ಷ ಎಂಟನೆಯವನಿಗೆ ವರ್ಗವಾಯಿತು. ವಾರವಾರ ಇಬ್ಬಿಬ್ಬರ ನಡುವೆ ಪಂದ್ಯ, ಏಳು ಜನಕ್ಕೆ ಜೋಡಿ ಕೂಡುವುದಿಲ್ಲ. 'ಮೈ ಫ್ರೆಂಡ್, ನೀನೂ ಕೂತುಬಿಡು' ಎಂದರು. ಮದುವೆ ಪಂಕ್ತಿಯಲ್ಲಿ ಒಂದು ಎಲೆ ಖಾಲಿ ಉಳಿಯಿತೆಂದು ದಾರಿಯಲ್ಲಿ ಹೋಗುವವನನ್ನು ಕೂಡಿಸಿದ ಹಾಗೆ ನಾನೂ ಕೂತೆ. ಸರದಿ ಗೊತ್ತುಮಾಡಲು ಹೆಲ್ಮೆಟ್ಟಿನಲ್ಲಿ ಚೀಟಿ ಹಾಕಿದರು. ನನಗೆ ಬಂದದ್ದು ಒಂದನೇ ನಂಬರು. ಏಳೂ ಮುಖಗಳು ಹರಳೆಣ್ಣೆ ಕುಡಿದಂತಾದವು.

ಅಂದಿನಿಂದ ಆರಿಸುವ ಗುರುವಾರದವರೆಗೆ, ಹತ್ತು ದಿನ, ನಾನು ಮನುಷ್ಯನಾಗಿದ್ದೆ. ಪ್ಲಾನಿಂಗ್ ಎಂಜಿನಿಯರ್ ತನ್ನ ಕೈಯಾರೆ ನನಗೆ ಕಾಫಿ ತಂದುಕೊಟ್ಟ. ಎಲ್ಲರಿಗೂ ಒಂದೇ ಪ್ರಶ್ನೆ: ಮೊದಲ ಸುತ್ತಿನಲ್ಲಿ ರನ್ನಿಂಗ್ ಬ್ಯಾಕನ್ನು ತೆಗೆದುಕೊಳ್ಳಬೇಕೋ ಬೇಡವೋ?

ರನ್ನಿಂಗ್ ಬ್ಯಾಕ್ ಎಂದರೆ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಎದುರಾಳಿಗಳ ನಡುವೆ ನುಗ್ಗಿ ಓಡುವವನು. ನಮ್ಮ ಕಬಡ್ಡಿಯ ದಾಳಿಗಾರನೇ ಅನ್ನಿ, ಆದರೆ ಇವನು ಉಸಿರು ಬಿಡಬಹುದು, ಮೂಳೆ ಉಳಿಸಿಕೊಳ್ಳುವುದು ಕಷ್ಟ. ಪ್ರತಿ ಸಲ ಅವನ ಮೇಲೆ ಐದಾರು ಎಮ್ಮೆಗಳಂಥವರು ಬೀಳುತ್ತಾರೆ. ಇಂಥವನಿಗಾಗಿ ಮೊದಲ ಆಯ್ಕೆಯನ್ನು ಖರ್ಚು ಮಾಡುವುದು ಜಾಣತನವೋ ದಡ್ಡತನವೋ ಎಂಬುದರ ಮೇಲೆ ಆ ಪೋರ್ಟಾಕ್ಯಾಬಿನ್ನಿನಲ್ಲಿ ನಡೆದ ವಾದದ ಕಾಲುಭಾಗ ಪೈಪ್‌ಲೈನಿನ ಮೇಲೆ ನಡೆದಿದ್ದರೆ ಪ್ಲಾಂಟು ಆರು ತಿಂಗಳು ಮುಂಚೆಯೇ ಮುಗಿಯುತ್ತಿತ್ತು.

ಬೇಕೇ ಬೇಕು ಎನ್ನುತ್ತಿದ್ದವನು ಸೇಫ್ಟಿ ಆಫೀಸರ್. ದಿನವಿಡೀ ಸೈಟಿನಲ್ಲಿ 'ಓಡಬೇಡಿ, ಓಡಬೇಡಿ' ಎಂದು ಕೂಗುವ ಮನುಷ್ಯ, ಆಟದಲ್ಲಿ ಮಾತ್ರ ಓಡಿ ಕಾಲು ಮುರಿದುಕೊಳ್ಳುವವನೇ ಅವನಿಗೆ ಪ್ರಾಣ. ಬೇಡವೇ ಬೇಡ ಎನ್ನುತ್ತಿದ್ದವನು ನಮ್ಮ ಮ್ಯಾನೇಜರ್. ಅವನ ಸಿದ್ಧಾಂತ ನನಗೆ ಇವತ್ತಿಗೂ ಬಾಯಿಪಾಠ. ಓಡುವವನು ಬಳಸಿ ಬಿಸಾಡುವ ಸಾಮಾನು, ಗ್ರೈಂಡಿಂಗ್ ಡಿಸ್ಕ್ ಇದ್ದಂತೆ. ಮೂರು ನಾಲ್ಕು ವರ್ಷ ಸವೆಯುತ್ತಾನೆ, ಮೊಣಕಾಲು ಹೋಗುತ್ತದೆ, ಮುಗಿಯಿತು. ಅಂಥವರು ಕೊನೆಯ ಸುತ್ತಿನಲ್ಲೂ ಬೇಕಾದಷ್ಟು ಸಿಗುತ್ತಾರೆ. ಮೊದಲ ಸುತ್ತು ಏನಿದ್ದರೂ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕಿಗೆ. ಅವನು ನಿಂತಲ್ಲೇ ನಿಂತು ತಲೆ ಓಡಿಸುತ್ತಾನೆ, ಹತ್ತು ಹದಿನೈದು ವರ್ಷ ಬಾಳುತ್ತಾನೆ. ಇದನ್ನು ಹೇಳುವಾಗ ಮ್ಯಾನೇಜರ್ ಸ್ವತಃ ನಿಂತಲ್ಲೇ ನಿಂತಿರುತ್ತಿದ್ದ. ತಾನು ಯಾರ ಜಾತಿಗೆ ಸೇರಿದವನೆಂದು ಅವನಿಗೆ ಅನುಮಾನವಿರಲಿಲ್ಲ.

ನಾನು ತಲೆಯಾಡಿಸುತ್ತಿದ್ದೆ. ಆದರೆ ಆ ವಾರ ನನ್ನ ತಲೆಯಲ್ಲಿ ಬೇರೊಂದು ಮೊಣಕಾಲಿತ್ತು.

ಅದು ನನ್ನ ಕ್ಯಾಂಪಿನ ಕೋಣೆಯ ಜೊತೆಗಾರನದು. ಉಳ್ಳಾಲದ ಕಡೆಯ ಬ್ಯಾರಿ, ನನಗಿಂತ ಐದಾರು ವರ್ಷ ದೊಡ್ಡವರು, ಭಾಯಿ ಎನ್ನುತ್ತಿದ್ದೆ. ಕೆಲಸ ರಿಗ್ಗರ್: ಕ್ರೇನ್ ಎತ್ತುವ ಪೈಪುಗಳಿಗೆ ಸ್ಲಿಂಗ್ ಕಟ್ಟುವುದು, ಹತ್ತುವುದು, ಇಳಿಯುವುದು, ಕೆಳಗೆ ನಿಂತು ಆಪರೇಟರಿಗೆ ಕೈಸನ್ನೆ ಮಾಡುವುದು. ಗಲ್ಫಿನಲ್ಲಿ ಹದಿನೈದು ವರ್ಷ ಹತ್ತಿ ಇಳಿದು ಅವರ ಬಲ ಮೊಣಕಾಲು ಕೆಟ್ಟಿತ್ತು. ಮೈತುಂಬ ತೊಡುವ ಕವರಾಲಿನ ಒಳಗೆ ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡು ಹೋಗುತ್ತಿದ್ದರು. ಅಕ್ಟೋಬರಿನಲ್ಲಿ ಅವರ ಕಾಂಟ್ರಾಕ್ಟ್ ಮುಗಿಯುವುದಿತ್ತು. ಮುಂದುವರಿಯಬೇಕಾದರೆ ಮೆಡಿಕಲ್ ಆಗಬೇಕು. ರಿಗ್ಗರುಗಳನ್ನು ಡಾಕ್ಟರು ಕುಕ್ಕರಗಾಲಲ್ಲಿ ಕೂರಿಸಿ ಏಳಿಸುತ್ತಿದ್ದರು. ಕೂತರೆ ಭಾಯಿ ಏಳುವ ಹಾಗಿರಲಿಲ್ಲ. ಏಳದಿದ್ದರೆ ಖಲಾಸ್, ಊರಿನ ಟಿಕೆಟ್.

ಅವರಿಗೆ ಉಳಿದ ದಾರಿ ಒಂದೇ. ಹೊಸ ಕ್ರೇನುಗಳು ಬರುತ್ತಿದ್ದವು. ನಾಲ್ಕು ಜನ ರಿಗ್ಗರುಗಳನ್ನು ಆರಿಸಿ ಆಪರೇಟರ್ ತರಬೇತಿಗೆ ಹಾಕುವವರಿದ್ದರು. ಭಾಯಿ ಅರ್ಜಿ ಕೊಟ್ಟಿದ್ದರು.

"ಎಂತ ಆಯ್ತು ಮಾರಾಯ್ರೆ, ಪಟ್ಟಿ ಬಂತಾ?" ಎಂದು ದಿನಾ ಸಂಜೆ ಕೇಳುತ್ತಿದ್ದರು. "ಇನ್ನು ನನ್ನಿಂದ ಹತ್ಲಿಕ್ಕೆ ಆಗುದಿಲ್ಲ. ಕೂತು ಮಾಡುವ ಕೆಲಸ ಒಂದು ಸಿಕ್ಕಿದ್ರೆ ಸಾಕಿತ್ತು."

ಸೋಮವಾರ ಪಟ್ಟಿ ನನ್ನ ಟ್ರೇಗೆ ಬಂತು, ಮ್ಯಾನೇಜರನ ಕೈಬರಹದಲ್ಲಿ, ಟೈಪ್ ಮಾಡುವುದಕ್ಕೆ. ನಾಲ್ಕು ಹೆಸರು. ಭಾಯಿಯದು ಇಲ್ಲ.

ನಾನು ಎಂದೂ ಮಾಡದ ಕೆಲಸ ಮಾಡಿದೆ. ಕಾಗದ ಹಿಡಿದುಕೊಂಡು ಹೋಗಿ ಕೇಳಿದೆ. ಮ್ಯಾನೇಜರ್ ತಲೆ ಎತ್ತದೆ ಹೇಳಿದ: ಆ ಮನುಷ್ಯ ಮೆಟ್ಟಿಲನ್ನು ಅಡ್ಡಡ್ಡವಾಗಿ ಇಳಿಯುವುದನ್ನು ನೋಡಿದ್ದೇನೆ, ಅವನ ಕಾಲು ಮುಗಿದಿದೆ.

"ಕ್ರೇನ್ ಓಡಿಸುವವನು ಕೂತಿರುತ್ತಾನಲ್ಲ ಸರ್," ಎಂದೆ.

ಅವನು ನಕ್ಕ. ಮುಗಿದವನ ಮೇಲೆ ತರಬೇತಿ ಯಾಕೆ ಖರ್ಚು ಮಾಡಲಿ, ಬೊಂಬಾಯಿಗೆ ಒಂದು ಫ್ಯಾಕ್ಸ್ ಹಾಕಿದರೆ ಇಂಥವರು ವಿಮಾನ ತುಂಬ ಬರುತ್ತಾರೆ ಎಂದ. ಅಕ್ಷರ ಅಕ್ಷರ ಅದೇ ಸಿದ್ಧಾಂತ. ನನಗೆ ಮೈಯೆಲ್ಲ ಉರಿಯಿತು. ಉರಿದು ಏನು ಮಾಡಲಿ, ಬಾಗಿಲ ಕಡೆ ತಿರುಗಿದೆ. ಆಗ ಅವನೇ ಕರೆದ. ದನಿ ಮೆತ್ತಗಾಗಿತ್ತು. 'ಅದಿರಲಿ ಮೈ ಫ್ರೆಂಡ್, ಗುರುವಾರ ನಿನ್ನ ಮೊದಲ ಆಯ್ಕೆಯನ್ನು ಏನು ಮಾಡುತ್ತೀ?'

ಅವನಿಗೆ ಒಬ್ಬ ಕ್ವಾರ್ಟರ್‌ಬ್ಯಾಕ್ ಬೇಕಿತ್ತು, ಅವನ ಊರಿನ ತಂಡದವನು. ಮ್ಯಾನೇಜರನ ಸರದಿ ಆರನೆಯದು. ಅಷ್ಟರಲ್ಲಿ ಆ ಹುಡುಗ ಉಳಿಯುವುದಿಲ್ಲ. ಸರದಿಯನ್ನು ಅದಲು ಬದಲು ಮಾಡಿಕೊಳ್ಳುವುದಕ್ಕೆ ಆ ಆಟದಲ್ಲಿ ಅಡ್ಡಿಯಿರಲಿಲ್ಲ, ನಾನೇ ನಿಯಮ ಟೈಪ್ ಮಾಡಿದ್ದೆ. ಎಲ್ಲಿಂದ ಧೈರ್ಯ ಬಂತೋ ಗೊತ್ತಿಲ್ಲ. ನನ್ನ ಸರದಿ ನಿಮಗೆ, ಈ ಪಟ್ಟಿಯಲ್ಲಿ ಒಂದು ಜಾಗ ನನಗೆ ಎಂದುಬಿಟ್ಟೆ.

ಬೈಯುತ್ತಾನೆ ಎಂದುಕೊಂಡೆ. ಅವನು ಎದ್ದು ನಿಂತು ಕೈಕುಲುಕಿದ. ಎರಡು ವರ್ಷದಲ್ಲಿ ಮೊದಲ ಸಲ. ನಾಚಿಕೆ ಎಂಬುದು ಆ ಮುಖದಲ್ಲಿ ಹುಡುಕಿದರೂ ಇರಲಿಲ್ಲ. ಸರಿಯಾದ ವ್ಯವಹಾರ ತಿಳಿದವನೊಬ್ಬ ಕೊನೆಗೂ ಸಿಕ್ಕಿದನೆಂಬ ಸಂತೋಷ ಮಾತ್ರ ಇತ್ತು. 'ಆದರೆ ಜಾಗ ನಾಲ್ಕೇ,' ಎಂದ. 'ಯಾರನ್ನು ಬಿಡಬೇಕೋ ನೀನೇ ನೋಡಿಕೊ.'

ನಾನು ನೋಡಿಕೊಂಡೆ. ನಾಲ್ಕನೆಯದು ಆಂಧ್ರದ ಕಡೆಯ ಒಂದು ಹೆಸರು. ಟೈಮ್‌ಶೀಟಿನಲ್ಲಿ ಎಷ್ಟೋ ಸಲ ಬರೆದ ಹೆಸರು, ಮುಖ ನೋಡಿರಲಿಲ್ಲ. ಕೊನೆಯ ಸಾಲಿನಲ್ಲಿದ್ದದ್ದರಿಂದ ತೆಗೆಯುವುದು ಸುಲಭವಾಗಿತ್ತು. ಕಾರಣ ಇಷ್ಟೇ, ಇದಕ್ಕಿಂತ ದೊಡ್ಡದು ಯಾವುದೂ ಇರಲಿಲ್ಲ.

ಗುರುವಾರ ಮ್ಯಾನೇಜರ್ ತನ್ನ ಕ್ವಾರ್ಟರ್‌ಬ್ಯಾಕನ್ನು ಆರಿಸಿಕೊಂಡು ಲಗ್ನ ನಿಶ್ಚಯವಾದವನ ಹಾಗೆ ಕೂತ. ನಾನು ಆರನೇ ಸರದಿಯಲ್ಲಿ ಒಬ್ಬ ರನ್ನಿಂಗ್ ಬ್ಯಾಕನ್ನು ತೆಗೆದುಕೊಂಡೆ, ಮ್ಯಾನೇಜರನ ಮುಖ ನೋಡುತ್ತ, ಬೇಕೆಂದೇ. ಅವನ ಎಸೆತಗಾರ ಮೂರನೇ ವಾರ ಭುಜ ಕಳಚಿಕೊಂಡು ವರ್ಷವಿಡೀ ಬೆಂಚಿನ ಮೇಲೆ ಕೂತ. ನಿಂತಲ್ಲೇ ನಿಂತು ತಲೆ ಓಡಿಸುವವನಿಗೂ ಭುಜವಿರುತ್ತದೆ ಎಂಬುದು ಸಿದ್ಧಾಂತದಲ್ಲಿ ಬಿಟ್ಟುಹೋಗಿತ್ತು. ನನ್ನ ಓಟಗಾರ ಓಡಿಯೇ ಓಡಿದ. ಹೆಲ್ಮೆಟ್ ಸೇಫ್ಟಿ ಆಫೀಸರಿಗೆ ಹೋಯಿತು, ನಾನು ಮೂರನೆಯವನಾದೆ, ಮ್ಯಾನೇಜರ್ ಏಳನೆಯವನು. ನಾನು ಮತ್ತೆ 'ಮೈ ಫ್ರೆಂಡ್' ಆದೆ, ಅದೂ ಸ್ವಲ್ಪ ಹಲ್ಲು ಕಡಿದು.

ಭಾಯಿಯ ಮೆಡಿಕಲ್ಲಿನಲ್ಲಿ ಕಣ್ಣು ನೋಡಿದರು, ಕಿವಿ ನೋಡಿದರು. ಆಪರೇಟರುಗಳ ಮೊಣಕಾಲನ್ನು ಯಾರೂ ಕೇಳುವುದಿಲ್ಲ. ತರಬೇತಿ ಮುಗಿಸಿ ನವೆಂಬರಿನಲ್ಲಿ ಅವರು ಕ್ರೇನಿನ ಸೀಟಿನಲ್ಲಿ ಕೂತರು. ನಾನು ಏನು ಮಾಡಿದ್ದೆನೆಂದು ಹೇಳಿರಲಿಲ್ಲ. ಹೇಳದೆ ಎಷ್ಟು ದಿನ ಇರಲಿ? ಉಪಕಾರ ಮಾಡಿ ಬಾಯಿ ಮುಚ್ಚಿಕೊಂಡಿರುವ ಜಾತಿಯವನಲ್ಲ ನಾನು.

ಡಿಸೆಂಬರಿನ ಒಂದು ಶುಕ್ರವಾರ ಬಸ್ಸಿನಲ್ಲಿ ದೋಹಾಕ್ಕೆ ಹೋದೆವು. ನಜ್ಮಾ ಬಡಾವಣೆಯಲ್ಲಿ ಟೈಲರ್ ಅಂಗಡಿಗಳ ನಡುವಿನ ಒಂದು ಮಲಯಾಳಿ ಕೆಫೆಟೇರಿಯಾದಲ್ಲಿ ಪರೋಟ, ಚಾ. ನಾನು ಇಡೀ ಕಥೆಯನ್ನು ಒಗ್ಗರಣೆ ಹಾಕಿ ಹೇಳಿದೆ. ಮ್ಯಾನೇಜರನ ಮಾತನ್ನು ಅವನ ದನಿಯಲ್ಲೇ ಆಡಿ ತೋರಿಸಿದೆ. ಭಾಯಿ ಮೊದಲು ನಂಬಲಿಲ್ಲ. ಆಮೇಲೆ ಚಾ ನೆತ್ತಿಗೇರುವಷ್ಟು ನಕ್ಕರು.

"ಹಾಗಾದ್ರೆ ನನ್ನನ್ನು ನೀವು ಮೊದಲನೇ ಸುತ್ತಿನಲ್ಲಿ ತಗೊಂಡದ್ದಾ?"

"ಹೌದ್ರಿ ಭಾಯಿ. ಒಂದನೇ ನಂಬರಿಗೆ."

"ನಿಮಗೆ ಮಂಡೆ ಸಮ ಉಂಟಾ ಮಾರಾಯ್ರೆ! ಕಾಲು ಹೋದವನನ್ನು ಯಾರಾದ್ರೂ ಮೊದಲು ತಗೊಳ್ತಾರಾ?"

"ಅವರಿಗೆ ಆಟ ಗೊತ್ತಿಲ್ರಿ, ನನಗ ಗೊತ್ತೈತಿ," ಎಂದೆ. ಎದೆ ಇಷ್ಟಗಲ ಆಗಿತ್ತು. ಆ ಕ್ಷಣ ನಾನು ಬಹಳ ಸಂತೋಷವಾಗಿದ್ದೆ.

ಭಾಯಿ ಪರೋಟದ ಒಂದು ಚೂರು ಮುರಿದು ಚಾದಲ್ಲಿ ಅದ್ದಿದರು. ಆಮೇಲೆ ಕೇಳಿದರು, "ಜಾಗ ನಾಲ್ಕೇ ಇದ್ದದ್ದಲ್ವಾ? ಒಬ್ಬನ ಹೆಸರು ತೆಗೆದಿರ್ಬೇಕಲ್ಲ, ಯಾರದ್ದು?"

"ಗೊತ್ತಿಲ್ರಿ," ಎಂದೆ. "ಅದೆಲ್ಲಾ ಮ್ಯಾನೇಜರ್ ನೋಡ್ಕೊಂಡ."

"ನಾಲ್ಕನೆಯವ ಆಂಧ್ರದವ," ಎಂದರು ಭಾಯಿ. "ಅವನ ಹೆಸರು ಇತ್ತು ಅಂತ ಮೊದಲೇ ಫೋರ್‌ಮನ್ ಅವನಿಗೆ ಹೇಳಿದ್ನಂತೆ. ಊರಿಗೆ ಕಾಗದ ಕೂಡ ಬರೆದಿದ್ದ. ಮತ್ತೆ ನೋಡಿದ್ರೆ ಇಲ್ಲ. ಎಂತಕ್ಕೆ ಅಂತ ಅವನಿಗೆ ಈಗ್ಲೂ ಗೊತ್ತಿಲ್ಲ."

ಏಳು ಜನ ಅಮೆರಿಕದವರ ಮೇಲೆ ನನಗಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಅವರು ಮಾಲೀಕನ ಆಟ ಆಡುತ್ತಿದ್ದರು. ನಾನು ನಿಜವಾಗಿ ಆಡಿಬಿಟ್ಟಿದ್ದೆ.

"ನಿಮಗೆ ಅವನ ಪರಿಚಯ ಐತೇನ್ರಿ?" ಎಂದೆ, ಏನಾದರೂ ಕೇಳಬೇಕಲ್ಲ ಎಂದು.

"ಪರಿಚಯ ಇಲ್ಲದೆ?" ಎಂದರು ಭಾಯಿ. "ನನ್ನ ಕ್ರೇನಿಗೆ ಈಗ ಅವನೇ ರಿಗ್ಗರ್. ಕೆಳಗೆ ಬಿಸಿಲಲ್ಲಿ ನಿಂತು ಕೈ ಮಾಡ್ತಾನೆ. ಎತ್ತು ಅಂದ್ರೆ ಎತ್ತುದು, ಇಳಿಸು ಅಂದ್ರೆ ಇಳಿಸುದು. ದಿನಾ ಬೆಳಿಗ್ಗೆಯಿಂದ ಸಂಜೆವರೆಗೆ ನಾನು ಅವನ ಮುಖವನ್ನೇ ನೋಡ್ತಾ ಕೂತಿರ್ಬೇಕು."